ಆತಂಕಕ್ಕೆ ಅಶ್ವಗಂಧ: ನುಂಗುವ ಮುಂಚೆ ಒಂದು ಮಾತು

(ಸಂಘದ ಮಹಿಳಾ ವಿಭಾಗದ ಆರೋಗ್ಯ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಮುಂಬಯಿಯ ಒಂದು ಆಸ್ಪತ್ರೆಯ ಔಷಧ ಕೌಂಟರಿನಲ್ಲಿ 26 ವರ್ಷ ಫಾರ್ಮಸಿಸ್ಟ್ ಆಗಿ ದುಡಿದವಳು. ಚೀಟಿ ಹಿಡಿದು ಬಂದವರನ್ನೆಲ್ಲ "ಬೇರೆ ಏನಾದರೂ ಮಾತ್ರೆ ತಗೊಳ್ತೀರಾ?" ಎಂದು ಕೇಳುವುದು ನನ್ನ ದಿನನಿತ್ಯದ ಕೆಲಸವಾಗಿತ್ತು. ಅದೇ ಪ್ರಶ್ನೆಯನ್ನು ಒಬ್ಬ ಡಾಕ್ಟರು ನನಗೆ ಕೇಳಿದಾಗ ನಾನು ಸುಳ್ಳು ಹೇಳಿದೆ. ಇವತ್ತು ಆ ಸುಳ್ಳಿನ ವಿಷಯವನ್ನೇ ನಿಮ್ಮ ಮುಂದೆ ಇಡಲು ಬಂದಿದ್ದೇನೆ.

ಆಗ ನನಗೆ ಐವತ್ತರ ಹತ್ತಿರ. ಒಂದು ಬೆಳಿಗ್ಗೆ ಡೊಂಬಿವಿಲಿಯಿಂದ ಲೋಕಲ್ ಹತ್ತಿದ್ದೆ. ಠಾಣೆ ದಾಟುವಷ್ಟರಲ್ಲಿ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಕೈ ತಣ್ಣಗಾಯಿತು, ಎಷ್ಟು ಎಳೆದರೂ ಉಸಿರು ಸಾಲದು. ದಾದರಿನಲ್ಲಿ ಹೇಗೋ ಇಳಿದು ಬೆಂಚಿನ ಮೇಲೆ ಕುಳಿತೆ. ಹೃದಯಾಘಾತವೇ ಅಂದುಕೊಂಡೆ. ಇಸಿಜಿ ತೆಗೆದರೆ ಎಲ್ಲ ಸರಿಯಾಗಿತ್ತು. "ಟೆನ್ಷನ್ ಇರಬೇಕು" ಅಂದರು. ಟೆನ್ಷನ್ ಇದ್ದದ್ದು ನಿಜ. ಆ ವರ್ಷ ನಮ್ಮ ಯಜಮಾನರ ಕೆಲಸ ಹೋಗಿತ್ತು, ಮಗಳ ಕಾಲೇಜು ಇನ್ನೂ ಮುಗಿದಿರಲಿಲ್ಲ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಇದನ್ನು ನಾನು ಯಾರಿಗೂ ಹೇಳಲಿಲ್ಲ.

ರೈಲಿನ ಗೆಳತಿಯೊಬ್ಬಳು ಅಶ್ವಗಂಧದ ಕ್ಯಾಪ್ಸೂಲ್ ಹೇಳಿದಳು. ಅಮೆರಿಕದಿಂದ ಬಂದ ನಾದಿನಿ ಮೆಗ್ನೀಸಿಯಂ ಮಾತ್ರೆ ಕೊಟ್ಟಳು. ಕೂದಲು ಉದುರುತ್ತಿದೆ ಎಂದು ಬಯೋಟಿನ್ ನಾನೇ ಶುರು ಮಾಡಿದೆ. ಮೂರೂ ಡಬ್ಬಿಗಳು ಅಡುಗೆಮನೆಯಲ್ಲಿ, ತೊಗರಿಬೇಳೆ ಡಬ್ಬದ ಹಿಂದೆ. ಮೊದಲ ಕೆಲವು ವಾರ ನಿದ್ದೆ ಸ್ವಲ್ಪ ಸುಧಾರಿಸಿದ್ದೂ ಹೌದು.

ಎರಡು ತಿಂಗಳಾಗುವಷ್ಟರಲ್ಲಿ ಕೈ ನಡುಕ, ಮೈಯೆಲ್ಲ ಸೆಕೆ, ಎದೆಬಡಿತ ಮೊದಲಿಗಿಂತ ಹೆಚ್ಚು, ಜೊತೆಗೆ ಭೇದಿ. ನಾನು ವರ್ಷಗಳಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವಳು. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ ತೀರಾ ಕೆಳಗಿಳಿದಿತ್ತು. ಡಾಕ್ಟರು ಕೇಳಿದರು, "ಬೇರೆ ಏನಾದರೂ ತಗೊಳ್ತಿದ್ದೀರಾ?" ನಾನು ಅಂದೆ, "ಇಲ್ಲ." ಅವರು ನನ್ನ ಮಾತು ನಂಬಿ ಥೈರಾಯ್ಡ್ ಮಾತ್ರೆಯ ಪ್ರಮಾಣ ಇಳಿಸಿದರು.

ಬೇಳೆ ಡಬ್ಬ ಹುಡುಕಲು ಹೋದ ಮಗಳಿಗೆ ಆ ಮೂರೂ ಸಿಕ್ಕಿದವು. "ಅಮ್ಮಾ, ಇದನ್ನೆಲ್ಲ ಡಾಕ್ಟರಿಗೆ ಹೇಳಿದ್ದೀಯಾ?" ಎಂದಳು. ನಾನು ಉತ್ತರ ಕೊಡಲಿಲ್ಲ. ಅವಳು ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ನನ್ನ ಜೊತೆ ತಾನೇ ಹೊರಟಳು.

ಡಾಕ್ಟರು ಬೈಯಲಿಲ್ಲ. ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ವಿವರಿಸಿದರು. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಅದರ ಮೇಲೆ ನನ್ನ ಮಾತ್ರೆಯೂ ಸೇರಿತ್ತು. ಬಯೋಟಿನ್ ಕೆಲವು ಬಗೆಯ ಲ್ಯಾಬ್ ಪರೀಕ್ಷೆಗಳಲ್ಲಿ ಥೈರಾಯ್ಡ್ ರಿಪೋರ್ಟನ್ನೇ ತಪ್ಪಾಗಿ ತೋರಿಸುತ್ತದೆ. ಮೆಗ್ನೀಸಿಯಂ ಹೆಚ್ಚಾದರೆ ಭೇದಿ. "ಇದರಲ್ಲಿ ಯಾವುದು ರೋಗ, ಯಾವುದು ರಿಪೋರ್ಟಿನ ದೋಷ ಅಂತ ಹೇಳೋದೇ ಕಷ್ಟ. ಮೊದಲು ಮೂರನ್ನೂ ನಿಲ್ಲಿಸಿ, ಹಳೇ ಡೋಸಿಗೇ ಹೋಗಿ" ಎಂದರು. ಆರು ವಾರದ ನಂತರ ಪರೀಕ್ಷೆ ಸರಿ ಬಂತು. ಆದರೆ ರೈಲಿನ ಭಯ ಮಾತ್ರ ಹಾಗೆಯೇ ಇತ್ತು. ಅದಕ್ಕೆ ಅವರು ಆಪ್ತಸಮಾಲೋಚಕರ ಬಳಿಗೆ ಕಳಿಸಿದರು.

ಎಲ್ಲ ಗೊತ್ತಿದ್ದವಳು ಯಾಕೆ ಸುಳ್ಳು ಹೇಳಿದೆ? ಡಬ್ಬಿಯ ಹೆಸರು ಹೇಳಿದರೆ ಅದನ್ನು ಯಾಕೆ ತಗೊಂಡೆ ಎಂದೂ ಹೇಳಬೇಕಾಗುತ್ತಿತ್ತು. "ನನಗೆ ಭಯವಾಗುತ್ತದೆ" ಎಂಬ ಮಾತು ನನ್ನ ಬಾಯಿಗೆ ಬರುತ್ತಿರಲಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಅಂದರೆ ನಮಗೆ ನಾಚಿಕೆಯಿಲ್ಲ. ಮನಸ್ಸಿನ ಮಾತು ಬಂದರೆ ಮಾತ್ರ "ಏನೂ ಇಲ್ಲ, ಸ್ವಲ್ಪ ಸುಸ್ತು" ಅನ್ನುತ್ತೇವೆ. ಊರಿಂದ ದೂರ ಇರುವ ನಮಗೆ ಅಮ್ಮನಿಗೋ ಅಕ್ಕನಿಗೋ ಎದುರು ಕುಳಿತು ಹೇಳುವ ಅವಕಾಶವೂ ಕಡಿಮೆ. ಹಾಗಾಗಿ ಯಾರನ್ನೂ ಕೇಳದೆ ಕೊಳ್ಳಬಹುದಾದ ಡಬ್ಬಿ ಹತ್ತಿರವಾಗುತ್ತದೆ.

ನಾನು ಆಯುರ್ವೇದದ ವಿರೋಧಿ ಅಲ್ಲ. ನಮ್ಮ ಅಜ್ಜಿಯ ಒಂದೆಲಗದ ತಂಬುಳಿ ಉಂಡು ಬೆಳೆದವಳು ನಾನು. ಇಲ್ಲಿರುವ ತುಳುನಾಡಿನವರಿಗೆ ಅದು ತಿಮರೆ. ಆದರೆ ಊಟದ ಜೊತೆಗಿನ ತಂಬುಳಿಯೇ ಬೇರೆ, ಸಾರ ತೆಗೆದು ಗಟ್ಟಿ ಮಾಡಿ ತುಂಬಿದ ಕ್ಯಾಪ್ಸೂಲೇ ಬೇರೆ. ಹೆಸರಿನಲ್ಲೂ ಗೊಂದಲವಿದೆ. ನಮ್ಮಲ್ಲಿ ಒಂದೆಲಗಕ್ಕೂ ಬ್ರಾಹ್ಮಿ ಅನ್ನುತ್ತಾರೆ, ನೀರು ಬ್ರಾಹ್ಮಿ ಎಂಬ ಬೇರೆಯೇ ಗಿಡಕ್ಕೂ ಬ್ರಾಹ್ಮಿ ಅನ್ನುತ್ತಾರೆ. ಡಬ್ಬಿಯಲ್ಲಿ ಯಾವುದಿದೆ ಎಂದು ಓದಿ ನೋಡಬೇಕು.

ಅಶ್ವಗಂಧ, ಅಂದರೆ ನಮ್ಮ ಹಿರೇಮದ್ದು, ಒತ್ತಡ ತಗ್ಗಿಸಿ ನಿದ್ದೆಗೆ ಸ್ವಲ್ಪ ನೆರವಾಗಬಹುದೆಂದು ಕೆಲವು ಅಧ್ಯಯನಗಳು ಹೇಳಿವೆ. ಆದರೆ ಅವು ಹೆಚ್ಚಾಗಿ ಕೆಲವೇ ಜನರ ಮೇಲೆ, ಕೆಲವೇ ವಾರ ನಡೆದವು. ಅಪರೂಪಕ್ಕೆ ಲಿವರ್‌ಗೆ ಪೆಟ್ಟಾದ ಪ್ರಕರಣಗಳೂ ಇವೆ. ಗರ್ಭಿಣಿಯರು ಇದನ್ನು ತೆಗೆದುಕೊಳ್ಳಬಾರದು. ಥೈರಾಯ್ಡ್, ಸಕ್ಕರೆ, ಬಿಪಿ, ನಿದ್ದೆ ಮಾತ್ರೆ ತೆಗೆದುಕೊಳ್ಳುವವರು ಕೇಳದೆ ಮುಟ್ಟಬಾರದು. ಮಕ್ಕಳು ವಿದೇಶದಿಂದ ತರುವ ಡಬ್ಬಿಗಳಲ್ಲಿ ಸೇಂಟ್ ಜಾನ್ಸ್ ವರ್ಟ್ ಎಂಬುದಿದ್ದರೆ ಇನ್ನೂ ಎಚ್ಚರ. ಅದು ಗರ್ಭನಿರೋಧಕ ಮಾತ್ರೆಯ, ರಕ್ತ ತೆಳು ಮಾಡುವ ಮಾತ್ರೆಯ ಬಲವನ್ನು ತಗ್ಗಿಸುತ್ತದೆ. ಖಿನ್ನತೆಯ ಮಾತ್ರೆಗಳ ಜೊತೆ ಸೇರಿದರೆ ಅಪಾಯ. ಕಿಡ್ನಿ ತೊಂದರೆ ಇರುವವರಿಗೆ ಮೆಗ್ನೀಸಿಯಂ ಹಾನಿಕರ. 60,000 ಯೂನಿಟ್ಟಿನ ವಿಟಮಿನ್ ಡಿಯನ್ನು ವಾರಕ್ಕೊಂದು ಎಂದು ಕೆಲವು ವಾರಗಳಿಗೆ ಬರೆದುಕೊಟ್ಟರೆ ವರ್ಷಗಟ್ಟಲೆ ನುಂಗುವವರನ್ನು ಕೌಂಟರಿನಲ್ಲಿ ಕಂಡಿದ್ದೇನೆ. ಅದು ರಕ್ತದಲ್ಲಿ ಕ್ಯಾಲ್ಸಿಯಂ ಏರಿಸುತ್ತದೆ.

ಈಗ ನಾಲ್ಕು ಮಾತು ಗಂಟು ಹಾಕಿಕೊಳ್ಳಿ.

ಒಂದು, ಮೊದಲು ಪರೀಕ್ಷೆ, ಆಮೇಲೆ ಡಬ್ಬಿ. ಥೈರಾಯ್ಡ್ ಏರುಪೇರು, ರಕ್ತಹೀನತೆ, ಮುಟ್ಟು ನಿಲ್ಲುವ ಕಾಲ, ಇವೆಲ್ಲ ಎದೆಬಡಿತ, ಬೆವರು, ನಿದ್ರಾಹೀನತೆಯ ರೂಪದಲ್ಲೇ ಬರಬಹುದು. ಸಸ್ಯಾಹಾರಿಗಳಿಗೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಬಿ12 ಕೊರತೆಯಾಗುವುದುಂಟು. ಕೊರತೆ ಇದ್ದರೆ ಆ ಮಾತ್ರೆಯೇ ಔಷಧ. ದಿನಕ್ಕೆ ಐದು ಲೋಟ ಫಿಲ್ಟರ್ ಕಾಫಿ ಕುಡಿದು ಎದೆ ಹೊಡೆದುಕೊಳ್ಳುತ್ತದೆ ಅನ್ನುವವರು ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಎರಡು, ಡಬ್ಬಿ ಓದಿ. ಪೂರಕ ಆಹಾರವೆಂದು ಮಾರುವ ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇರಬೇಕು, ಔಷಧವಾಗಿ ಬಳಸುವಂತಿಲ್ಲ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರಬೇಕು. ಔಷಧವಲ್ಲ ಎಂದು ಅದೇ ಹೇಳುತ್ತಿರುವಾಗ ರೋಗ ವಾಸಿಯಾಗುತ್ತದೆ ಎಂಬ ಜಾಹೀರಾತನ್ನು ನಂಬಬೇಡಿ.

ಮೂರು, ಅಂತರವಿಡಿ. ಥೈರಾಯ್ಡ್ ಮಾತ್ರೆಗೂ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ 4 ಗಂಟೆ ಅಂತರ ಬೇಕು. ಡಾಕ್ಟರು ಬರೆದ ಆತಂಕದ ಮಾತ್ರೆ ಇದ್ದರೆ, ಗಿಡಮೂಲಿಕೆ ಸಿಕ್ಕಿತೆಂದು ಅದನ್ನು ಏಕಾಏಕಿ ನಿಲ್ಲಿಸಬೇಡಿ.

ನಾಲ್ಕು, ಡಬ್ಬಿಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡೇ ಡಾಕ್ಟರ ಬಳಿ ಹೋಗಿ. ವೈದ್ಯರ ಬಳಿ ಹೋದರೂ ಅಷ್ಟೇ, ಅಲೋಪತಿ ಚೀಟಿ ತೋರಿಸಿ.

ಆಪ್ತಸಮಾಲೋಚನೆ ಅಂದರೆ ಹುಚ್ಚಿಗೆ ಚಿಕಿತ್ಸೆ ಅಂದುಕೊಂಡಿದ್ದೆ. ಅಲ್ಲಿ ಕಲಿತದ್ದು ಇಷ್ಟೇ: ಉಸಿರನ್ನು ನಿಧಾನಕ್ಕೆ ಬಿಡುವುದು, ಎದೆ ಹೊಡೆದುಕೊಂಡರೂ ರೈಲಿನಿಂದ ಇಳಿಯದೆ ಮುಂದಿನ ಸ್ಟೇಷನ್‌ವರೆಗೆ ಕೂರುವುದು. ಮೊದಲು ಠಾಣೆವರೆಗೆ, ಆಮೇಲೆ ಘಾಟ್‌ಕೋಪರ್, ಆಮೇಲೆ ದಾದರ್. ತಿಂಗಳುಗಳೇ ಹಿಡಿದವು. ಈಗಲೂ ಒಮ್ಮೊಮ್ಮೆ ಎದೆ ಹೊಡೆದುಕೊಳ್ಳುತ್ತದೆ. ಆದರೆ ಅದು ಹೋಗುತ್ತದೆ ಎಂದು ನನಗೆ ಗೊತ್ತು.

ಎಲ್ಲಿ ಶುರು ಮಾಡಬೇಕು ಎಂದು ತಿಳಿಯದವರಿಗೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಇದೆ. ಸಂಖ್ಯೆ 14416. ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ. 2022ರಲ್ಲಿ ಶುರುವಾದ ಈ ಸೇವೆಯ ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಕನ್ನಡದಲ್ಲೂ ಮಾತಾಡಬಹುದು. ಹಿಂದಿ, ಮರಾಠಿಯಲ್ಲಿ ತರಕಾರಿ ಚೌಕಾಸಿ ಮಾಡಬಹುದು ತಾಯಿ, ಭಯವನ್ನು ನಮ್ಮ ಭಾಷೆಯಲ್ಲೇ ಹೇಳಬೇಕು.

ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಬೇಳೆ ಡಬ್ಬದ ಹಿಂದೆ ಒಮ್ಮೆ ನೋಡಿ. ಏನಾದರೂ ಸಿಕ್ಕಿದರೆ ಎಸೆಯಬೇಡಿ, ಹೊರಗೆ ತೆಗೆದು ಮೇಜಿನ ಮೇಲಿಡಿ. ಮನೆಯಲ್ಲಿ ಯಾರಾದರೂ "ಇದು ಯಾಕೆ?" ಎಂದು ಕೇಳಲಿ. ಕೇಳಿದಾಗ ನಿಜ ಹೇಳಿ.