ಜೀವಶಾಸ್ತ್ರದ ಪರೀಕ್ಷೆಗೆ ಮನೆಯ ಸಿದ್ಧತೆ



ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಮಕ್ಕಳು ವಿಜ್ಞಾನದ ಪುಸ್ತಕವನ್ನು ಬಾಯಿಪಾಠ ಮಾಡತೊಡಗುತ್ತಾರೆ. ಜೀವಶಾಸ್ತ್ರಕ್ಕೆ ಕಣ್ಣು ಮತ್ತು ಕೈ ಬೇಕು. ಹಿತ್ತಿಲ ದಾಸವಾಳವನ್ನು ಉದ್ದುದ್ದ ಸೀಳಿ ನೋಡಿ. ಕೇಸರಗಳು ಕೊಳವೆಯಾಗಿ ಕೂಡಿವೆ, ಅದರೊಳಗೆ ಹಾದು ಬಂದ ಶಲಾಕೆ ತುದಿಯಲ್ಲಿ 5 ಕವಲಾಗಿದೆ, ಬುಡದಲ್ಲಿ ಅಂಡಾಶಯ. ಅವರೆಕಾಳನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಬಿಡಿಸಿದರೆ 2 ಬೀಜದಳಗಳ ನಡುವೆ ಎಳೆಯ ಸಸಿಯೇ ಮಲಗಿರುತ್ತದೆ. ಹಿತಕಿದ ಬೇಳೆ ಮಾಡುವ ತಾಯಂದಿರು ಇದನ್ನು ಮಕ್ಕಳಿಗಿಂತ ಚೆನ್ನಾಗಿ ಬಲ್ಲರು!

ಹೃದಯದ ಚಿತ್ರದಲ್ಲಿ ಅನೇಕರು ಎಡವುತ್ತಾರೆ. ಹಾಳೆಯ ಎಡಕ್ಕೆ ಕಾಣುವುದು ಹೃದಯದ ಬಲಭಾಗ, ನಮ್ಮೆದುರು ನಿಂತವನ ಬಲಗೈಯ ಹಾಗೆ. ಮೈಯಿಂದ ಬಂದ ರಕ್ತ ಅಲ್ಲಿಂದ ಶ್ವಾಸಕೋಶಕ್ಕೆ ಹೋಗುತ್ತದೆ. ಎಡ ಹೃತ್ಕುಕ್ಷಿಯ ಗೋಡೆ ದಪ್ಪ. ಮೈಗೆಲ್ಲಾ ರಕ್ತ ನೂಕುವುದು ಅದೇ. ಪುಸ್ತಕ ಮುಚ್ಚಿ ಚಿತ್ರ ಬರೆದು, ಭಾಗಗಳನ್ನು ಹೆಸರಿಸಿ, ಆಮೇಲೆ ತಾಳೆ ನೋಡತಕ್ಕದ್ದು.

ಹಿರಿಯರಲ್ಲಿ ಒಂದು ಅರಿಕೆ. ಮಗ ಓದಲು ಕೂತರೆ ಸದ್ದು ಮಾಡಬೇಡಿರೆನ್ನುತ್ತೀರಿ. ಮಗಳಿಗೆ ಅದೇ ಹೊತ್ತಿನಲ್ಲಿ ಕೊಡ, ಪೊರಕೆ, ತಮ್ಮನ ಊಟ. ಇಬ್ಬರಿಗೂ ಪ್ರಶ್ನೆಪತ್ರಿಕೆ ಒಂದೇ. ಪರೀಕ್ಷೆ ಮುಗಿಯುವವರೆಗೆ ಸಂಜೆ 2 ಗಂಟೆ ಕಾಲ ಅವಳನ್ನು ಕೆಲಸಕ್ಕೆ ಕರೆಯದಿರಿ. ಆ ಹೊತ್ತಿನ ನೀರನ್ನು ಮನೆಯ ಗಂಡಸರು ತರಲಿ.