ಅಜ್ಜಿಯ ಗಂಟಿನ ರಾಣಿ ರೂಪಾಯಿ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಹಳೆಯ ವಿದ್ಯಾರ್ಥಿಗಳು ತಮಗೆ ಗೊತ್ತಿರುವ ಒಂದು ವಿಷಯವನ್ನು ಕುರಿತು ಸ್ವಲ್ಪ ಹೊತ್ತು ಮಾತಾಡಬೇಕೆಂದು ಸಮಿತಿಯವರು ಹೇಳಿದರು. ನನಗೆ ಗೊತ್ತಿರುವುದು ಬ್ರಿಟಿಷರ ಕಾಲದ ನಾಣ್ಯಗಳು. ಈ ಹುಚ್ಚು ಇರುವವನನ್ನು ಅರಸೀಕೆರೆ ಸಂತೆಯಲ್ಲಿ ಕಂಡರೂ, ಬೇಲೂರು ಬಸ್ ನಿಲ್ದಾಣದಲ್ಲಿ ಕಂಡರೂ ಜನ ಕೇಳುವುದು ಒಂದೇ ಪ್ರಶ್ನೆ. “ನಮ್ಮ ಮನೇಲೂ ರಾಣಿ ರೂಪಾಯಿ ಇದೆ, ಎಷ್ಟು ಬರುತ್ತೆ?” ಇದನ್ನು ದುರಾಸೆಯ ಪ್ರಶ್ನೆ ಎಂದು ನಾನು ತಿಳಿದಿಲ್ಲ. ಮಗಳ ಮದುವೆ, ಬತ್ತಿದ ಬೋರ್‌ವೆಲ್, ಒಣಗುತ್ತಿರುವ ತೆಂಗು, ಇವುಗಳ ನಡುವೆ ನಿಂತು ಕೇಳುವ ಪ್ರಶ್ನೆ ಅದು. ಆದ್ದರಿಂದ ಸುತ್ತಿ ಬಳಸದೆ ಉತ್ತರ ಹೇಳಬೇಕು ಅಂದುಕೊಂಡಿದ್ದೇನೆ.

ಮೊದಲು, ಈ ರಾಣಿ ನಮ್ಮ ಅಟ್ಟಕ್ಕೆ ಬಂದದ್ದು ಹೇಗೆ ಅಂತ ನೋಡೋಣ. ನಮ್ಮ ಸೀಮೆಗೆ ನಾಣ್ಯ ಹೊಸದಲ್ಲ. ಹಳೇಬೀಡಿನಿಂದ ಆಳಿದ ಹೊಯ್ಸಳರು ಚಿನ್ನದ ನಾಣ್ಯದ ಮೇಲೆ ಕನ್ನಡ ಅಕ್ಷರದಲ್ಲೇ ‘ಶ್ರೀ ತಳಕಾಡುಗೊಂಡ’, ‘ಶ್ರೀ ನೊಳಂಬವಾಡಿಗೊಂಡ’ ಎಂದು ಅಚ್ಚು ಹಾಕಿಸಿದರು. ಬಹುಕಾಲದ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನ ತಾಮ್ರದ ಕಾಸುಗಳ ಮೇಲೂ ‘ಮಯಿಲಿ ಕಾಸು’ ಎಂಬ ಕನ್ನಡ ಇತ್ತು. ಆದರೆ ಇಂಗ್ಲಿಷ್ ಕಂಪನಿ 1835ರಲ್ಲಿ ತನ್ನ ಆಳ್ವಿಕೆಗೆಲ್ಲ ಒಂದೇ ತೂಕದ ರೂಪಾಯಿ ಜಾರಿಗೆ ತಂದಿತು. 1843ರಲ್ಲಿ ಬೆಂಗಳೂರಿನಲ್ಲಿದ್ದ ಮೈಸೂರಿನ ಟಂಕಸಾಲೆ ಮುಚ್ಚಿತು. ಅಲ್ಲಿಂದಾಚೆಗೆ ಆಳುವವರು ಮೈಸೂರಿನಲ್ಲಿದ್ದರೂ ಜೇಬಿನಲ್ಲಿದ್ದದ್ದು ಲಂಡನ್ನಿನ ರಾಣಿಯ ತಲೆ. 1907ರಿಂದ ಬಂದ, ಅಂಚು ಅಲೆಯಲೆಯಾಗಿರುವ ಒಂದಾಣೆ ನಾಣ್ಯವನ್ನು ನೀವು ನೋಡಿರಬಹುದು. ಅದರ ಮೇಲೆ ಉರ್ದು, ನಾಗರಿ, ಬಂಗಾಳಿ, ತೆಲುಗು ಇವೆ, ಕನ್ನಡ ಇಲ್ಲ. ನಮ್ಮ ಹಿರಿಯರು ತೆಲುಗು ಅಕ್ಷರವನ್ನೇ ಕನ್ನಡದಂತೆ ಓದಿಕೊಂಡು ಸುಮ್ಮನಾದರು ಅಂತ ಕಾಣುತ್ತದೆ.

ಆ ರೂಪಾಯಿಯ ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ಇದೇ ಒಂದು ತೊಲ. ಅಂಗಡಿಯಲ್ಲಿ ಬೊಟ್ಟು ಇಲ್ಲದಿದ್ದರೆ ತಕ್ಕಡಿಗೆ ರೂಪಾಯಿಯನ್ನೇ ಹಾಕಿ ತೂಗುತ್ತಿದ್ದರು. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಒಂದರಲ್ಲಿ 10.69 ಗ್ರಾಂ ಶುದ್ಧ ಬೆಳ್ಳಿ ಇರುತ್ತದೆ. ಹಾಗಾಗಿ ಕೊಬ್ಬರಿ ಮಾರಿದ ದುಡ್ಡನ್ನು, ರಾಗಿ ಮಾರಿದ ದುಡ್ಡನ್ನು ರೂಪಾಯಿಯಾಗಿಯೇ ಗಂಟು ಕಟ್ಟಿಟ್ಟರೆ ಅದೇ ಉಳಿತಾಯ, ಅದೇ ಒಡವೆ. ನಮ್ಮ ತಾಲ್ಲೂಕಿನ ತಾಂಡಾಗಳಲ್ಲಿ ಲಂಬಾಣಿ ಅಜ್ಜಿಯರು ಅದನ್ನು ಹಾರವಾಗಿ ಕೊರಳಿಗೆ ಹಾಕಿಕೊಂಡರು. ಒಕ್ಕಲು ಮನೆಗಳಲ್ಲಿ ವರಮಹಾಲಕ್ಷ್ಮಿ ಕಳಶದೊಳಗೆ ಇಟ್ಟರು. ವಿಕ್ಟೋರಿಯಾ ರಾಣಿಯ ಹಣೆಗೆ ಪ್ರತಿ ಶ್ರಾವಣದಲ್ಲೂ ಕುಂಕುಮ ಬಿದ್ದದ್ದು ಲಂಡನ್ನಿನವರಿಗೆ ಗೊತ್ತೇ ಇಲ್ಲ!

ಉಳ್ಳವರ ಮನೆಯಲ್ಲಿ ಚಿನ್ನದ ಸವರನ್ನು ಇತ್ತು. ಈಗಲೂ ಅಕ್ಕಸಾಲಿಗರು 8 ಗ್ರಾಂ ಚಿನ್ನಕ್ಕೆ ‘ಒಂದು ಸವರನ್ನು’ ಅನ್ನುವುದು ಬ್ರಿಟನ್ನಿನ ಆ ನಾಣ್ಯದಿಂದ ಬಂದ ಮಾತು. ಅದರ ಸರಿಯಾದ ತೂಕ 7.98 ಗ್ರಾಂ, 22 ಕ್ಯಾರೆಟ್. ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಕುದುರೆ ಏರಿ ಘಟಸರ್ಪವನ್ನು ಕೊಲ್ಲುವ ಸಂತ ಜಾರ್ಜ್. ನಿಮ್ಮ ಮನೆಯ ಕಾಸಿನ ಸರದಲ್ಲಿ ನಿಜವಾದ ಸವರನ್ನು ಇದ್ದು, ಇಸವಿ 1918 ಆಗಿದ್ದರೆ, ಕುದುರೆಯ ಕೆಳಗಿನ ನೆಲದ ಗೆರೆಯನ್ನು ಮಸೂರ ಹಿಡಿದು ನೋಡಿ. ಅಲ್ಲಿ ಇಂಗ್ಲಿಷಿನ ‘ಐ’ ಅಕ್ಷರ ಪುಟ್ಟದಾಗಿ ಇದ್ದರೆ ಅದು ಮುಂಬೈಯಲ್ಲಿ ಅಚ್ಚಾದದ್ದು. ಮೊದಲ ಮಹಾಯುದ್ಧದ ಕಾಲದಲ್ಲಿ, ಆ ಒಂದು ವರ್ಷ ಮಾತ್ರ, ಸುಮಾರು 13 ಲಕ್ಷ ಸವರನ್ನುಗಳನ್ನು ಅಲ್ಲಿ ಮುದ್ರಿಸಿದರು.

ಈಗ ಬೆಲೆಯ ಮಾತು. ಹಳೆಯದು ಅಂದಮಾತ್ರಕ್ಕೆ ಬೆಲೆ ಬರುವುದಿಲ್ಲ. ಐದನೇ ಜಾರ್ಜ್ ರಾಜನ ರೂಪಾಯಿ, ಅದರಲ್ಲೂ 1916ರಿಂದ 1919ರವರೆಗಿನವು, ಕೋಟಿಗಟ್ಟಲೆ ಅಚ್ಚಾಗಿವೆ. ಯುದ್ಧದಿಂದ ಬೆಳ್ಳಿ ಸಾಲದೆ ಬಂದಾಗ 1918ರಲ್ಲಿ ಅಮೆರಿಕ ತನ್ನ ಬೆಳ್ಳಿ ಡಾಲರುಗಳನ್ನೇ 25 ಕೋಟಿಗೂ ಮೇಲ್ಪಟ್ಟು ಕರಗಿಸಿ ಇಂಡಿಯಾಕ್ಕಾಗಿ ಬ್ರಿಟನ್ನಿಗೆ ಬೆಳ್ಳಿ ಮಾರಿತು. ನಿಮ್ಮ ಮನೆಯ ಸವಕಲು ರೂಪಾಯಿಯಲ್ಲಿ ಅಮೆರಿಕದ ಡಾಲರು ಅಡಗಿರಬಹುದು. ಕಥೆ ಚೆನ್ನಾಗಿದೆ, ಆದರೆ ಬೆಲೆ ಬೆಳ್ಳಿಯ ಬೆಲೆಗಿಂತ ಸ್ವಲ್ಪ ಮೇಲೆ, ಅಷ್ಟೇ. ಮನೆಗಳಲ್ಲಿ ಸಿಗುವ ಹೆಚ್ಚಿನ ನಾಣ್ಯಗಳ ಗತಿ ಇದೇ. ನಿರಾಸೆಯಾದರೂ ಮೊದಲೇ ಗೊತ್ತಿರಲಿ.

ಹಾಗಾದರೆ ಅಪರೂಪದ್ದು ಯಾವುದು? 1911ರ ರೂಪಾಯಿ ಒಂದು. ರಾಜನ ಎದೆಯ ಹಾರದಲ್ಲಿ ಆನೆಯ ಚಿತ್ರ ಕೆತ್ತಿದ್ದರು. ಸೊಂಡಿಲು ಮೊಟಕಾಗಿ ಅದು ಹಂದಿಯಂತೆ ಕಂಡಿತು. ಮುಸಲ್ಮಾನರಿಗೆ ನೋವಾಯಿತು, ದೊಡ್ಡ ಗಲಾಟೆಯಾಯಿತು. ಸರ್ಕಾರ ನಾಣ್ಯವನ್ನು ವಾಪಸು ಪಡೆದು ಬಹುಪಾಲು ಕರಗಿಸಿ, 1912ರಲ್ಲಿ ಸೊಂಡಿಲು ತಿದ್ದಿದ ಆನೆಯನ್ನು ತಂದಿತು. ಎರಡನೆಯದು 1939ರ ರೂಪಾಯಿ. ಬೆಳ್ಳಿಯ ಕೊರತೆ ಶುರುವಾಗಿ ಅದು ಹೊರಗೆ ಬಂದದ್ದೇ ಬಹಳ ಕಡಿಮೆ. 1940ರಿಂದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿ, ಅಂಚಿನ ಸುತ್ತ ನಡುವೆ ಒಂದು ಗಾಡಿ ಕೊರೆದರು. ಬೆರಳಿನಿಂದ ಅಂಚು ಸವರಿದರೆ ಅರ್ಧ ಬೆಳ್ಳಿಯ ರೂಪಾಯಿ ಯಾವುದೆಂದು ತಿಳಿಯುತ್ತದೆ. ಇನ್ನು, 1938ರ ಕೊನೆಯ ಎಂಟನ್ನು ಕೆತ್ತಿ ಒಂಬತ್ತು ಮಾಡಿ ಮಾರುವವರೂ ಇದ್ದಾರೆ. ಆದ್ದರಿಂದ 1939 ಕಂಡರೆ ಮೊದಲು ಸಂಶಯಪಡಿ, ಆಮೇಲೆ ಸಂತೋಷಪಡಿ. ಮಕ್ಕಳು ಇಷ್ಟಪಡುವ ತೂತಿನ ಕಾಸು 1943ರಿಂದ ಬಂದದ್ದು. ಯುದ್ಧಕ್ಕೆ ತಾಮ್ರ ಉಳಿಸಲು ನಡುವೆ ತೂತು ಮಾಡಿದರು. ಅದು ಅಪರೂಪದ್ದಲ್ಲ. ಇಟ್ಟುಕೊಂಡು ಆಟವಾಡಿ.

ಇಸವಿಯ ನಂತರ ನೋಡುವುದು ನಾಣ್ಯದ ಸ್ಥಿತಿ. ಗ್ರೇಡಿಂಗ್ ಅಂದರೆ ಇದೇ. ನಮ್ಮವರಿಗೆ ಇದು ಹೊಸತಲ್ಲ. ಬೇಲೂರಿನ ಕಡೆ ಕಾಫಿ ಬೀಜವನ್ನು ಎ, ಬಿ, ಪಿಬಿ ಎಂದು ವಿಂಗಡಿಸುತ್ತಾರೆ. ಅರಸೀಕೆರೆ ಮಾರುಕಟ್ಟೆಯಲ್ಲಿ ಕೊಬ್ಬರಿ ಗಿಟುಕನ್ನು ಕೈಯಲ್ಲಿ ತಿರುಗಿಸಿ ನೋಡಿ ದರ ಹೇಳುತ್ತಾರೆ. ನಾಣ್ಯಕ್ಕೆ ಇರುವುದು 1ರಿಂದ 70ರವರೆಗಿನ ಅಂಕ. ವಿಲಿಯಂ ಶೆಲ್ಡನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1949ರಲ್ಲಿ ತಮ್ಮ ದೇಶದ ಹಳೆಯ ತಾಮ್ರದ ಸೆಂಟುಗಳಿಗಾಗಿ ಇದನ್ನು ಮಾಡಿದ. ಪೂರ್ತಿ ಸವೆದದ್ದಕ್ಕೆ ಒಂದು ಡಾಲರು ಬಂದರೆ, ಕುಂದೇ ಇಲ್ಲದ್ದಕ್ಕೆ 70 ಡಾಲರು ಬರಬೇಕು ಎಂಬ ಲೆಕ್ಕ. ನೂರಕ್ಕೆ ನೂರು ಅನ್ನುವ ನಮ್ಮ ಪರೀಕ್ಷೆಯಂತಲ್ಲ. (ಇದೇ ಶೆಲ್ಡನ್ ಒಂದು ದೊಡ್ಡ ಸಂಸ್ಥೆಯ ಸಂಗ್ರಹದಲ್ಲಿದ್ದ ಒಳ್ಳೆಯ ನಾಣ್ಯಗಳನ್ನು ತೆಗೆದು ತನ್ನ ಕೆಟ್ಟವನ್ನು ಅಲ್ಲಿಟ್ಟಿದ್ದ ಅನ್ನುವುದು ಆತ ಸತ್ತ ಮೇಲೆ ಬಯಲಾಯಿತು. ಅಳತೆಗೋಲು ಚೆನ್ನಾಗಿದ್ದರೆ ಸಾಕು, ಅಳೆದವನು ಹೇಗಾದರೂ ಇರಲಿ.) 60ರ ಮೇಲಿನ ಅಂಕ ಅಂದರೆ ಚಲಾವಣೆಗೇ ಹೋಗದ ನಾಣ್ಯ. ಅದಕ್ಕಿಂತ ಕೆಳಗೆ ರಾಣಿಯ ಕೂದಲು, ಕೆನ್ನೆ, ಮುಕುಟದ ಕಲ್ಲು, ಅಂಗಿಯ ಜರತಾರಿ ಎಷ್ಟು ಉಳಿದಿದೆ ಎಂದು ನೋಡುತ್ತಾರೆ. ಮೊದಲು ಸವೆಯುವುದು ಈ ಉಬ್ಬಿದ ಭಾಗಗಳೇ.

1980ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ ಪಿಸಿಜಿಎಸ್, ಎನ್‌ಜಿಸಿ ಎಂಬ ಸಂಸ್ಥೆಗಳು ಹುಟ್ಟಿಕೊಂಡವು. ಹಣ ಪಡೆದು, ನಾಣ್ಯ ಅಸಲಿಯೋ ನಕಲಿಯೋ ನೋಡಿ, ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚಿ, ಮೇಲೆ ಒಂದು ನಂಬರು ಹಾಕಿ ಕೊಡುತ್ತಾರೆ. ಜಗತ್ತಿನಲ್ಲಿ ದುಬಾರಿ ಬ್ರಿಟಿಷ್ ನಾಣ್ಯಗಳು ಕೈ ಬದಲಾಯಿಸುವುದು ಈಗ ಹೆಚ್ಚಾಗಿ ಇಂಥ ಡಬ್ಬಿಯಲ್ಲಿ. 1839ರ ಐದು ಪೌಂಡಿನ ಚಿನ್ನದ ನಾಣ್ಯವಿದೆ, ಎಳೆಯ ರಾಣಿ ಸಿಂಹವನ್ನು ನಡೆಸಿಕೊಂಡು ಹೋಗುವ ಚಿತ್ರದ್ದು. ಸಂಗ್ರಾಹಕರು ಅದಕ್ಕಾಗಿ ಪ್ರಾಣ ಬಿಡುತ್ತಾರೆ. ಅದನ್ನು ಕೆತ್ತಿದ ವಿಲಿಯಂ ವಯನ್‌ನೇ ನಮ್ಮ 1840ರ ರೂಪಾಯಿಯ ರಾಣಿಯನ್ನೂ ಕೆತ್ತಿದವನು. ರಾಣಿಯ ಕತ್ತಿನ ಕೆಳಗೆ ಅವನ ಹೆಸರಿನ ಎರಡು ಅಕ್ಷರ ಇವೆ. ಎಂಟನೇ ಎಡ್ವರ್ಡ್ 1936ರಲ್ಲಿ ಪಟ್ಟ ಬಿಟ್ಟದ್ದರಿಂದ ಅವನ ತಲೆಯ ನಾಣ್ಯ ಬ್ರಿಟನ್ನಿನಲ್ಲಿ ಚಲಾವಣೆಗೆ ಬರಲೇ ಇಲ್ಲ. ಪ್ರಯೋಗಕ್ಕೆಂದು ಅಚ್ಚು ಹಾಕಿದ ಒಂದು ಸವರನ್ನು 2020ರಲ್ಲಿ 10 ಲಕ್ಷ ಪೌಂಡಿಗೆ ಹೋಯಿತು.

ಇಂಥ ಸುದ್ದಿ ಕೇಳಿದ ತಕ್ಷಣ ನಮ್ಮವರು ಮಾಡುವ ಮೊದಲ ಕೆಲಸ, ನಾಣ್ಯವನ್ನು ಹುಣಸೆಹಣ್ಣು ಹಚ್ಚಿ ಉಜ್ಜುವುದು. ಅಥವಾ ವಿಭೂತಿ, ಹಲ್ಲುಪುಡಿ. ಪಳಪಳ ಅಂದರೆ ಬೆಲೆ ಹೆಚ್ಚು ಅನ್ನುವ ನಂಬಿಕೆ. ದಯವಿಟ್ಟು ಬೇಡ. ಬೆಳ್ಳಿಯ ಮೇಲೆ ವರ್ಷಗಟ್ಟಲೆ ಕೂತ ಕಪ್ಪು ಅದರ ಚರ್ಮವಿದ್ದಂತೆ. ಉಜ್ಜಿದರೆ ಕೂದಲೆಳೆಯಂಥ ಗೀರುಗಳು ಬೀಳುತ್ತವೆ, ಮಸೂರದ ಕೆಳಗೆ ಎದ್ದು ಕಾಣುತ್ತವೆ. ಅಂಥ ನಾಣ್ಯಕ್ಕೆ ಅಂಕವನ್ನೇ ಕೊಡದೆ ‘ಡೀಟೇಲ್ಸ್’ ಅಂತ ಬರೆದು, ತೊಳೆದದ್ದು ಎಂದು ಷರಾ ಹಾಕುತ್ತಾರೆ. ಸರಕ್ಕೆ ಪೋಣಿಸಲು ತೂತು ಹೊಡೆದದ್ದಕ್ಕೂ, ಕೊಂಡಿ ಬೆಸೆದದ್ದಕ್ಕೂ ಅದೇ ಷರಾ. ನಮ್ಮ ಕಡೆ ಸಿಗುವ ಒಳ್ಳೆಯ ಇಸವಿಗಳಲ್ಲಿ ಎಷ್ಟೋ ಈ ಕಾರಣಕ್ಕೆ ಕೆಟ್ಟಿವೆ. ಅಜ್ಜಿಗೆ ಅದು ಒಡವೆ, ಅವರು ಮಾಡಿದ್ದು ಸರಿಯೇ. ಆದರೆ ಇವತ್ತು ಹೊಳಪು ಕೊಡಿಸುವುದಕ್ಕೆ ಯಾವ ನೆಪವೂ ಇಲ್ಲ.

ಇದಕ್ಕಿಂತ ದೊಡ್ಡ ನಷ್ಟ ಮೊಬೈಲಿನಿಂದ ಆಗುತ್ತಿದೆ. ನಮ್ಮ ಹೋಬಳಿಯ ಒಬ್ಬ ರೈತರಿಗೆ ಫೋನಿನಲ್ಲಿ ಒಂದು ಜಾಹೀರಾತು ಕಂಡಿತು, ರಾಣಿ ರೂಪಾಯಿಗೆ 12 ಲಕ್ಷ ಕೊಡುತ್ತೇವೆ ಅಂತ. ಫೋಟೋ ಕಳಿಸಿದರು. ಆ ಕಡೆಯವನು ಬಹಳ ಮರ್ಯಾದೆಯಿಂದ ‘ಸರ್, ನಿಮ್ಮದು ಆಯ್ಕೆಯಾಗಿದೆ’ ಅಂದ. ನೋಂದಣಿಗೆ ಎರಡು ಸಾವಿರ, ಆಮೇಲೆ ತೆರಿಗೆಗೆ ಹದಿನೈದು ಸಾವಿರ, ಆಮೇಲೆ ರಿಸರ್ವ್ ಬ್ಯಾಂಕಿನ ಪರವಾನಗಿಗೆ ಅಂತ ಇನ್ನೂ ಮೂವತ್ತು. ಕೊಬ್ಬರಿ ಮಾರಿದ ದುಡ್ಡೆಲ್ಲ ಹೋದ ಮೇಲೆ ಆ ನಂಬರು ಬಂದ್ ಆಯಿತು. ಅವರ ನಾಣ್ಯ ನಾನು ನೋಡಿದೆ. 1917ರದ್ದು, ಸವಕಲು, ಕೊಂಡಿ ಕಿತ್ತ ಗುರುತು ಬೇರೆ. ಅವರು ನನ್ನ ಮುಂದೆ ಮಾತೇ ಆಡಲಿಲ್ಲ. ಮನೆಯವರಿಗೂ ಹೇಳಿರಲಿಲ್ಲ. ಹೀಗೆ ಹೇಳದೆ ನುಂಗಿಕೊಂಡವರು ಈ ಸಭೆಯಲ್ಲೂ ಇರಬಹುದು. ನಾಚಿಕೆ ಬೇಡ, ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ. ತಮ್ಮ ಹೆಸರಿನಲ್ಲಿ ಹೀಗೆ ಹಳೆಯ ನೋಟು, ನಾಣ್ಯದ ವ್ಯಾಪಾರ ನಡೆಯುತ್ತಿದೆ, ನಾವು ಯಾರಿಂದಲೂ ಇದಕ್ಕೆ ಶುಲ್ಕ, ಕಮಿಷನ್ ಕೇಳುವುದಿಲ್ಲ, ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಕೆ ಕೊಟ್ಟಿದೆ. ಕೊಳ್ಳುವವನು ಮಾರುವವನ ಹತ್ತಿರ ಮೊದಲು ದುಡ್ಡು ಕೇಳಿದರೆ ಅವನು ಕೊಳ್ಳುವವನಲ್ಲ.

ಇನ್ನೊಂದು ಮೋಸವಿದೆ. ಒಂದು ಕಡೆ ರಾಮ ಪಟ್ಟಾಭಿಷೇಕ ಅಥವಾ ಹನುಮಂತ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, 1818 ಎಂದು ಇರುವ ಬಿಲ್ಲೆ. ಇದು ಅಕ್ಕಿಕಾಳು ಎಳೆಯುತ್ತದೆ, ಕೋಟಿ ಬೆಲೆ ಅಂತ ಕಾರಿನಲ್ಲಿ ಬರುವವರಿದ್ದಾರೆ. ಕಂಪನಿ ಅಂಥ ನಾಣ್ಯ ಹೊರಡಿಸಲೇ ಇಲ್ಲ. ಅವು ಪೂಜೆಗೆಂದೋ ಮೋಸಕ್ಕೆಂದೋ ಆಮೇಲೆ ಮಾಡಿದ ಬಿಲ್ಲೆಗಳು. ರಾಮನ ಮೇಲಿನ ಭಕ್ತಿ ಬೇರೆ, ಬಿಲ್ಲೆಯ ಬೆಲೆ ಬೇರೆ.

ಕಾನೂನಿನ ಎರಡು ಮಾತು ಹೇಳಿಬಿಡುತ್ತೇನೆ. ಹೊಲ ಉಳುವಾಗ, ಪಾಯ ತೆಗೆಯುವಾಗ ಮಡಕೆ ಸಿಕ್ಕರೆ ಅದು ನಿಧಿ. 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ಹಳೇಬೀಡಿನ ಸುತ್ತ ಇರುವವರು ಇದನ್ನು ವಿಶೇಷವಾಗಿ ನೆನಪಿಡಿ. ಇನ್ನು, 1972ರ ಪುರಾವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯವೂ ಪುರಾವಸ್ತು. ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಹಾಗಾಗಿ ‘ನಿಮ್ಮ ವಿಕ್ಟೋರಿಯಾ ರೂಪಾಯಿಯನ್ನು ಅಮೆರಿಕಕ್ಕೆ ಪೋಸ್ಟ್ ಮಾಡಿ ಗ್ರೇಡ್ ಮಾಡಿಸಿಕೊಡುತ್ತೇನೆ’ ಅನ್ನುವವನ ಕೈಗೆ ನಾಣ್ಯ ಕೊಡಬೇಡಿ. ಡಬ್ಬಿಯಲ್ಲಿ ಮುಚ್ಚಿದ್ದನ್ನು ಕೊಳ್ಳುವುದಾದರೆ ಅದರ ನಂಬರನ್ನು ಸಂಸ್ಥೆಯ ದಾಖಲೆಯಲ್ಲಿ ಹಾಕಿ, ಅಲ್ಲಿರುವ ಫೋಟೋಗೂ ಕೈಯಲ್ಲಿರುವ ನಾಣ್ಯಕ್ಕೂ ತಾಳೆ ನೋಡಿ. ಡಬ್ಬಿಯನ್ನೂ ನಕಲು ಮಾಡುತ್ತಾರೆ.

ಮನೆಯಲ್ಲಿ ಇಡುವುದು ಕಷ್ಟವಲ್ಲ. ಅಂಚು ಹಿಡಿದು ಎತ್ತಿ, ಮುಖ ಮುಟ್ಟಬೇಡಿ. ಮೆತ್ತನೆಯ ಪ್ಲಾಸ್ಟಿಕ್ ಹಾಳೆ ಬೇಡ, ಕೆಲವು ವರ್ಷದಲ್ಲಿ ಹಸಿರು ಅಂಟು ಬಿಡುತ್ತದೆ. ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿಟ್ಟು, ಯಾರ ಗಂಟಿನಲ್ಲಿ ಸಿಕ್ಕಿತು ಎಂದು ಮೇಲೆ ಬರೆಯಿರಿ. ಬೇಲೂರು ಕಡೆಯ ಮಳೆಗೆ ಪೆಟ್ಟಿಗೆ ತೇವ ಹಿಡಿಯುತ್ತದೆ, ಅಲ್ಲಿನವರು ಆಗಾಗ ತೆರೆದು ನೋಡಬೇಕು. ಅರಸೀಕೆರೆಯವರಿಗೆ ಆ ಚಿಂತೆ ಕಡಿಮೆ, ನಮಗೆ ಮಳೆಯೇ ಕಡಿಮೆ.

ಮಾರಲೇಬೇಕಾದರೆ ಮೂಸೆಗೆ ಹಾಕಿಸುವ ಮುಂಚೆ ಇಸವಿ ಒಮ್ಮೆ ಓದಿ. ಇವತ್ತು ಸಂಜೆ ಐದರವರೆಗೆ ವಿಜ್ಞಾನ ಕೊಠಡಿಯಲ್ಲಿ ತಕ್ಕಡಿ, ಅಯಸ್ಕಾಂತ, ಮಸೂರ ಇಟ್ಟುಕೊಂಡು ಕೂತಿರುತ್ತೇನೆ. ನಿಮ್ಮ ನಾಣ್ಯ ತನ್ನಿ, ಕುಂಕುಮ ಇದ್ದರೆ ಇದ್ದ ಹಾಗೇ ತನ್ನಿ. ಶುಲ್ಕ ಇಲ್ಲ.