ಕೆರೆಯ ಖರ್ಚು ಯಾರದು?

ಬೇಸಿಗೆ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ತಪ್ಪುವುದಿಲ್ಲ. ಇಂಥ ಊರಿನ ಕೆರೆಯ ಹೂಳೆತ್ತಲು ಇಷ್ಟು ಲಕ್ಷ ಮಂಜೂರು. ಶಾಸಕರಿಂದ ಗುದ್ದಲಿ ಪೂಜೆ. ನಾಲ್ಕಾರು ವರ್ಷ ಕಳೆಯಲಿ, ಅದೇ ಕೆರೆಗೆ, ಅದೇ ಹೂಳಿಗೆ, ಬೇರೊಂದು ಹೆಸರಿನ ಯೋಜನೆಯಲ್ಲಿ ಮತ್ತಷ್ಟು ಲಕ್ಷ. ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎಂಬ ಲೆಕ್ಕವಿದೆ. ಇಷ್ಟೊಂದು ಕೆರೆಗಳನ್ನು ನಮ್ಮ ಹಿಂದಿನವರು ಯಾರ ದುಡ್ಡಿನಲ್ಲಿ ಕಟ್ಟಿದರು, ಯಾರ ದುಡ್ಡಿನಲ್ಲಿ ಉಳಿಸಿಕೊಂಡರು? ಊರಿನ ಕೆರೆಗೂ ಸರ್ಕಾರದ ಖಜಾನೆಗೂ ನಡುವಿನ ಈ ನಂಟು ಹೇಗೆಲ್ಲ ಬದಲಾಯಿತು? ಇವತ್ತಿನ ನನ್ನ ಮಾತು ಈ ಚರಿತ್ರೆಯ ಬಗ್ಗೆ.

ಮೊದಲು ಕೆರೆಯನ್ನೇ ಸ್ವಲ್ಪ ನೋಡೋಣ. ಮೇಲಿನಿಂದ ನೀರು ತರುವ ಕಾಲುವೆ, ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ಏರಿ, ಗದ್ದೆಗೆ ನೀರು ಬಿಡುವ ತೂಬು, ಹೆಚ್ಚಾದ ನೀರು ಹರಿದುಹೋಗುವ ಕೋಡಿ, ಕೆಳಗಿನ ಅಚ್ಚುಕಟ್ಟು, ಇಷ್ಟೂ ಸೇರಿದರೆ ಒಂದು ಕೆರೆ. ಇದರಲ್ಲಿ ಪ್ರತಿಯೊಂದೂ ವರ್ಷವರ್ಷ ಕೆಲಸ ಕೇಳುತ್ತದೆ. ಏರಿಯಲ್ಲಿ ಹೆಗ್ಗಣ ಬಿಲ ತೋಡುತ್ತದೆ, ಏಡಿ ತೂತು ಮಾಡುತ್ತದೆ. ಏರಿಯ ಮೇಲೆ ಹುಟ್ಟಿದ ಗಿಡ ಮರವಾಗಿ, ಆ ಮರ ಸತ್ತು ಬೇರು ಕೊಳೆತರೆ, ಅದೇ ದಾರಿ ಹಿಡಿದು ನೀರು ಜಿನುಗಲು ಶುರುವಾಗುತ್ತದೆ. ಮಳೆಗಾಲಕ್ಕೆ ಮುಂಚೆ ನಾಲ್ಕು ಮಂಕರಿ ಜೇಡಿಮಣ್ಣು ತುಂಬಿ ತುಳಿದರೆ ಮುಗಿಯುವ ಕೆಲಸ ಅದು. ಬಿಟ್ಟರೆ ಒಂದೇ ರಾತ್ರಿಯ ಮಳೆಗೆ ಏರಿ ಒಡೆಯುತ್ತದೆ. ಮೇಲಿನ ಊರಿನ ಕೆರೆ ಒಡೆದರೆ ಆ ನೀರೆಲ್ಲ ಕೆಳಗಿನ ಕೆರೆಗೆ ನುಗ್ಗಿ ಅದನ್ನೂ ಒಡೆಯುತ್ತದೆ. ಏಕೆಂದರೆ ನಮ್ಮ ಬಯಲುಸೀಮೆಯ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸಾಲಾಗಿವೆ. ಆದ್ದರಿಂದ ಕೆರೆಯ ಖರ್ಚು ಎರಡು ಬಗೆ: ಕಟ್ಟುವ ಖರ್ಚು ಒಂದು, ಕಾಯುವ ಖರ್ಚು ಇನ್ನೊಂದು. ಮೊದಲಿನದು ದೊಡ್ಡದು, ಒಂದೇ ಸಲ ಬರುವಂಥದ್ದು. ಎರಡನೆಯದು ಸಣ್ಣದು, ಆದರೆ ಎಂದೂ ಮುಗಿಯದ್ದು.

ನಮ್ಮ ಶಾಸನಗಳನ್ನು ಓದಿದರೆ ಈ ಎರಡನೆಯ ಖರ್ಚಿನ ಬಗ್ಗೆ ಆಳುವವರಿಗೆ ಚೆನ್ನಾಗಿ ಗೊತ್ತಿತ್ತು ಎಂದು ತಿಳಿಯುತ್ತದೆ. ಕೆರೆ ಕಟ್ಟಿಸುವುದು ಅರಸರಿಗೆ ಮೊದಲಿನಿಂದಲೂ ಹೆಮ್ಮೆಯ ಕೆಲಸ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಶಾಸನ ಕೆರೆಯ ಬಗ್ಗೆಯೇ ಹೇಳುತ್ತದೆ. ತಾಳಗುಂದದ ಕಂಬ ಕಾಕುಸ್ಥವರ್ಮ ಅಲ್ಲಿನ ದೇವಾಲಯದ ಬಳಿ ಕೆರೆ ಕಟ್ಟಿಸಿದ್ದನ್ನು ದಾಖಲಿಸುತ್ತದೆ. ಆದರೆ ನನಗೆ ಇವೆರಡಕ್ಕಿಂತ ಮುಖ್ಯವಾಗಿ ಕಾಣುವುದು ಬೆಂಗಳೂರಿನ ಅಗರದ ಶಾಸನ. ಗಂಗರ ಕಾಲದ್ದು, ಒಂಬತ್ತನೆಯ ಶತಮಾನದ್ದು. ಇರುಗಮಯ್ಯನ ಮಗ ಸಿರಿಮಯ್ಯ ಎಂಬವನು ಎರಡು ಕೆರೆಗಳಿಗೆ ತೂಬು ಇಡಿಸಿ, ಮೂರನೆಯದೊಂದು ಕೆರೆಯನ್ನು ಕಟ್ಟಿಸಿದ. ಅದಕ್ಕಾಗಿ ಮೂರೂ ಕೆರೆಗಳ ಬಿತ್ತುವಟ್ಟವನ್ನು ಪಡೆದ. ಬಿತ್ತುವಟ್ಟವೆಂದರೆ ಕೆರೆ ಕಟ್ಟಿದವನಿಗೆ, ಕೆರೆ ನೋಡಿಕೊಳ್ಳುವವನಿಗೆ ಅದೇ ಕೆರೆಯ ಕೆಳಗೆ ಬಿಟ್ಟುಕೊಡುತ್ತಿದ್ದ ಭೂಮಿ. ಇಲ್ಲಿ ಅರಮನೆಯಿಂದ ಹಣದ ಥೈಲಿ ಬರಲಿಲ್ಲ. ಅರಸನು ತನಗೆ ಬರಬೇಕಾದ ಕಂದಾಯದಲ್ಲಿ ಒಂದು ಪಾಲನ್ನು ಬಿಟ್ಟುಕೊಟ್ಟ, ಅಷ್ಟೇ.

ಇದರ ಜಾಣತನ ನೋಡಿ. ಭೂಮಿ ಇರುವುದು ಕೆರೆಯ ಕೆಳಗೆ. ಕೆರೆ ತುಂಬಿದರೆ ಆ ಭೂಮಿಯಲ್ಲಿ ಬೆಳೆ. ಕೆರೆ ಒಡೆದರೆ ಅದು ಬರಡು. ಅನುದಾನ ಪಡೆದವನ ಅನ್ನ ಅನುದಾನದ ಕೆಲಸಕ್ಕೇ ಅಂಟಿಕೊಂಡಿತ್ತು. ಮುಂದೆ ಇದೇ ಏರ್ಪಾಟು ಕಟ್ಟುಕೊಡಗೆ, ದಶವಂದ ಎಂಬ ಹೆಸರುಗಳಲ್ಲಿ ಹೊಯ್ಸಳರ, ವಿಜಯನಗರದ ಕಾಲದುದ್ದಕ್ಕೂ ನಡೆದುಬಂತು. ಕೋಲಾರ, ಬೆಂಗಳೂರು ಸೀಮೆಯಲ್ಲಿ ಇಂಥ ದಾನಶಾಸನಗಳು ಹೇರಳವಾಗಿವೆ. ಹೂಳೆತ್ತುವುದಕ್ಕೆ ಕೆರೆಬಂಡಿ ಎಂಬ ಪ್ರತ್ಯೇಕ ದತ್ತಿಯೇ ಇತ್ತು. ಬಂಡಿ, ಬಂಡಿಯೆಳೆಯುವ ದನ, ಹೂಳು ತುಂಬುವ ಆಳು, ಇವರೆಲ್ಲರ ಖರ್ಚಿಗೆ ಇಂತಿಷ್ಟು ಹೊಲ ಎಂದು ಬರೆದು, ಕಲ್ಲು ನೆಟ್ಟು, ತಪ್ಪಿದವರಿಗೆ ಶಾಪ ಹಾಕುತ್ತಿದ್ದರು.

ಕೆರೆಯ ನೀರನ್ನು ಹಂಚುವವನು ನೀರಗಂಟಿ. ತೂಬಿನ ಕಂಬಗಳ ನಡುವೆ ಇಳಿದು, ಕಲ್ಲಿನ ತೂತಿಗೆ ಹೊಡೆದ ಮರದ ಬೆಣೆಯನ್ನು ಎಷ್ಟು ಎತ್ತಬೇಕೋ ಅಷ್ಟೇ ಎತ್ತಿ, ಕೆಳಗಿನ ಕೊನೆಯ ಗದ್ದೆಗೂ ನೀರು ಮುಟ್ಟುವಂತೆ ಮಾಡುವುದು ಅವನ ಹೊಣೆ. ಅವನಿಗೆ ಸಂಬಳವಿರಲಿಲ್ಲ. ಸುಗ್ಗಿಯಲ್ಲಿ ಕಣದಿಂದ ಆಯ, ಅಂದರೆ ಕಾಳಿನ ಪಾಲು, ಬರುತ್ತಿತ್ತು. ಈ ಕೆಲಸ ಬಹಳ ಕಡೆ ಊರಿನ ಕೆಳಗಿನ ಜಾತಿಯವರ ಪಾಲಿಗೆ ಬಂದದ್ದು. ಅವರ ದುಡಿಮೆಗೆ ಮರ್ಯಾದೆ ಎಷ್ಟು ಸಿಕ್ಕಿತು ಎಂಬುದು ಬೇರೆಯೇ ಪ್ರಶ್ನೆ. ಹಳೆಯದನ್ನೆಲ್ಲ ಚಿನ್ನದ ಕಾಲವೆಂದು ಹೊಗಳುವುದು ನನ್ನ ಉದ್ದೇಶವಲ್ಲ. ಕಾಯುವ ಖರ್ಚಿಗೆ ಅಲ್ಲೊಂದು ಖಾಯಂ ಮೂಲವಿತ್ತು ಎಂಬುದಷ್ಟೇ ನಾನು ಹೇಳುತ್ತಿರುವುದು.

ವಿಜಯನಗರದ ರಾಜಕುಮಾರ ಭಾಸ್ಕರ ಭವದೂರ 1369ರಲ್ಲಿ ಈಗಿನ ಆಂಧ್ರದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ ಹಾಕಿಸಿದ ಶಾಸನವೊಂದಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರಬಹುದಾದ ಆರು ದೋಷಗಳನ್ನೂ ಅದು ಪಟ್ಟಿ ಮಾಡುತ್ತದೆ. ಏರಿಯಿಂದ ನೀರು ಜಿನುಗುವುದು ಒಂದು ದೋಷ, ಚೌಳು ನೆಲ ಇನ್ನೊಂದು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದೂ ಒಂದು ದೋಷವೆಂದು ಅಲ್ಲಿ ಹೇಳಿದೆ. ಇಬ್ಬರ ನಡುವೆ ಸಿಕ್ಕಿದ ಕೆರೆಗೆ ಯಾರೂ ದಿಕ್ಕಿಲ್ಲ ಎಂದು ಅವರಿಗೆ ಗೊತ್ತಿತ್ತು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

1799ರಿಂದ 1811ರವರೆಗೆ ಮೈಸೂರಿನ ದಿವಾನರಾಗಿದ್ದ ಪೂರ್ಣಯ್ಯನವರು ಯುದ್ಧಗಳಲ್ಲಿ ಹಾಳಾದ ಕೆರೆ ಕಾಲುವೆಗಳನ್ನು ರಿಪೇರಿ ಮಾಡಿಸಿದರು. 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರ ಕೈಗೆ ಹೋಯಿತು. 1850ರ ದಶಕದಲ್ಲಿ ಮರಾಮತ್ತು ಇಲಾಖೆ ಬಂತು. ಅಲ್ಲಿಂದ ಕೆರೆಯ ಕೆಲಸಕ್ಕೆ ಎಂಜಿನಿಯರು, ಎಸ್ಟಿಮೇಟು, ಮಂಜೂರಾತಿ ಎಂಬ ಹೊಸ ದಾರಿ ತೆರೆಯಿತು. 1866ರಲ್ಲಿ ಮುಖ್ಯ ಎಂಜಿನಿಯರ್ ಮೇಜರ್ ಸ್ಯಾಂಕಿ ಒಂದು ವರದಿ ಬರೆದರು. ಇವರ ಹೆಸರಿನ ಕೆರೆ ಬೆಂಗಳೂರಿನ ಮಲ್ಲೇಶ್ವರದ ಬಳಿ ಈಗಲೂ ಇದೆ. ಸುಮಾರು 27 ಸಾವಿರ ಚದರ ಮೈಲಿಯ ಮೈಸೂರು ಸೀಮೆಯಲ್ಲಿ ನೂರಕ್ಕೆ 60ರಷ್ಟು ನೆಲದ ಮಳೆನೀರು ಯಾವುದಾದರೊಂದು ಕೆರೆಗೆ ಸೇರುತ್ತದೆ, ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂಬುದು ಅವರ ವರದಿಯ ತಾತ್ಪರ್ಯ. ಅಂದರೆ ಕಟ್ಟುವ ಕೆಲಸ ಆಗಲೇ ಮುಗಿದಿತ್ತು. ಉಳಿದದ್ದು ಕಾಯುವ ಕೆಲಸ.

ಹತ್ತು ವರ್ಷಕ್ಕೆ ಧಾತು ಈಶ್ವರ ಬರ ಬಂತು. 1876ರಿಂದ 78ರವರೆಗಿನ ಆ ಬರದಲ್ಲಿ ಮೈಸೂರು ಸಂಸ್ಥಾನದ ಐದರಲ್ಲೊಂದು ಪಾಲು ಜನ ಅಳಿದರು. ಅದಾದ ಮೇಲೆ ಸಣ್ಣ ಕೆರೆಗಳ ಪ್ರಶ್ನೆಯನ್ನು ಸರ್ಕಾರ ಕಡೆಗಣಿಸುವಂತಿರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲಕ್ಕೆ ಒಂದು ಹಂಚಿಕೆ ರೂಪುಗೊಂಡಿತು: ಸಣ್ಣ ಕೆರೆಗಳಲ್ಲಿ ಮಣ್ಣಿನ ಕೆಲಸ ರೈತರದ್ದು, ಕಲ್ಲುಗಾರೆಯ ಕೆಲಸ ಸರ್ಕಾರದ್ದು. ಏರಿಗೆ ಮಣ್ಣು ಹಾಕಲು ಊರಿನವರಿಗೆ ಬರುತ್ತದೆ. ತೂಬು, ಕೋಡಿ ಕಟ್ಟಲು ಕೈಕಸುಬಿನವರೂ ಕಾಸೂ ಬೇಕು. ಕಾಗದದ ಮೇಲೆ ಇದು ನ್ಯಾಯವಾಗಿಯೇ ಇತ್ತು. ಆದರೆ ಹೊಲ ಹೆಚ್ಚಿದ್ದವನೂ ಕಡಿಮೆಯಿದ್ದವನೂ ಒಂದೇ ಸಮ ಮಣ್ಣು ಹೊರಬೇಕೆ, ತಪ್ಪಿಸಿಕೊಂಡವನನ್ನು ಕೇಳುವವರು ಯಾರು, ಎಂಬ ತಕರಾರುಗಳು ಬಗೆಹರಿಯಲಿಲ್ಲ.

ಇದಕ್ಕೆ ಉತ್ತರವಾಗಿ 1911ರಲ್ಲಿ ಮೈಸೂರು ಸರ್ಕಾರ ಕೆರೆ ಪಂಚಾಯಿತಿಗಳ ಕಾನೂನನ್ನೇ ತಂದಿತು. ಅಚ್ಚುಕಟ್ಟಿನ ರೈತರು ತಮ್ಮಲ್ಲೇ ಪಂಚಾಯಿತಿ ಮಾಡಿಕೊಂಡು ಕೆರೆಯ ದುರಸ್ತಿ, ಉಸ್ತುವಾರಿ ವಹಿಸಿಕೊಳ್ಳಲು ಅದು ಅವಕಾಶ ಕೊಟ್ಟಿತು. ಮುಂದೆ ದಿವಾನರಾದ ವಿಶ್ವೇಶ್ವರಯ್ಯನವರ ಗ್ರಾಮಾಭಿವೃದ್ಧಿ ಯೋಜನೆಯಲ್ಲಿ ಊರಿನವರು ವಾರಕ್ಕೆ ಅರ್ಧ ದಿನ ಊರ ಕೆಲಸಕ್ಕೆ ಶ್ರಮ ಕೊಡಬೇಕೆಂಬ ಪದ್ಧತಿ ಬಂತು. ಊರಿನವರ ಪಾಲು ಮತ್ತು ಸರ್ಕಾರದ ನೆರವು ಜೊತೆಗೂಡಬೇಕೆಂದು ಇವತ್ತಿನ ಯೋಜನಾ ವರದಿಗಳು ಹೊಸ ವಿಚಾರದಂತೆ ಬರೆಯುತ್ತವೆ. ಅದಕ್ಕೆ ನೂರು ವರ್ಷ ದಾಟಿದೆ.

ಸ್ವಾತಂತ್ರ್ಯ ಬಂದ ಮೇಲೆ 1950ರ ದಶಕದಲ್ಲಿ ಇನಾಮುಗಳು, ಅಂದರೆ ಹೀಗೆ ದತ್ತಿಯಾಗಿ ಬಿಟ್ಟ ಭೂಮಿಗಳು, ರದ್ದಾದವು. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ಹೋದವು. ಸಾಮಾಜಿಕ ನ್ಯಾಯದ ದೃಷ್ಟಿಯಿಂದ ಇದು ಆಗಲೇಬೇಕಾದ ಕೆಲಸ. ತೋಟಿ, ತಳವಾರ, ನೀರಗಂಟಿ ಎಂದು ಹುಟ್ಟಿನಿಂದಲೇ ಹಣೆಗೆ ಅಂಟುತ್ತಿದ್ದ ಚಾಕರಿ ತಪ್ಪಿತು. ಆದರೆ ಕೆರೆಯ ಪಾಲಿಗೆ ಒಂದು ಲೋಪ ಉಳಿಯಿತು: ಆ ಕೆಲಸವನ್ನು ಸಂಬಳ ಕೊಟ್ಟು ಮಾಡಿಸುವ ಹೊಸ ಏರ್ಪಾಟು ಬರಲಿಲ್ಲ. ಹೂಳು ತುಂಬಿತು, ಕೊಳವೆಬಾವಿ ಬಂತು. ಹೊಲದಲ್ಲೇ ನೀರು ಸಿಕ್ಕವನಿಗೆ ಕೆರೆಯ ಏರಿ ನೆನಪಾಗಲಿಲ್ಲ.

ಕೆರೆಗಳ ಒಡೆತನವೂ ಹಂಚಿಹೋಯಿತು. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆಗೆ, ಕಡಿಮೆಯಿದ್ದರೆ ಪಂಚಾಯತ್ ರಾಜ್ ಸಂಸ್ಥೆಗಳಿಗೆ. ನೆಲ ಕಂದಾಯ ಇಲಾಖೆಯದ್ದು, ಮೇಲಿನ ಗುಡ್ಡ ಅರಣ್ಯ ಇಲಾಖೆಯದ್ದು, ಮೀನು ಇನ್ನೊಂದು ಇಲಾಖೆಯದ್ದು. ಪೋರುಮಾಮಿಳ್ಳದ ಶಾಸನ ಹೇಳಿದ ಗಡಿಯ ದೋಷ ಇದೇ ತಾನೆ? ಈಗ ರಾಜ್ಯಗಳ ಬದಲು ಇಲಾಖೆಗಳ ಗಡಿ.

ಈ ಇಲಾಖೆಗಳ ಮೂಲಕ ಪರಿಸರದ ಹೆಸರಿನಲ್ಲಿ ದೊಡ್ಡ ಹಣ ಹಳ್ಳಿಗೆ ಬರತೊಡಗಿದ್ದು 1980ರ ದಶಕದಲ್ಲಿ. ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಬಯಲುಸೀಮೆಯ ತುಂಬ ನೀಲಗಿರಿ ನೆಟ್ಟರು. ಯಾವ ಗಿಡ ಬೇಕೆಂದು ಊರಿನವರನ್ನು ಕೇಳಿರಲಿಲ್ಲ. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತಸಂಘದವರು ನೀಲಗಿರಿ ಸಸಿಗಳನ್ನು ಕಿತ್ತೆಸೆದು ಪ್ರತಿಭಟಿಸಿದರು. 2017ರಲ್ಲಿ ಸರ್ಕಾರವೇ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಊರಿನವರನ್ನು ಕೇಳದೆ ಕೆಲಸ ಮಾಡಬಾರದು ಎಂಬ ಪಾಠವನ್ನು ಮುಂದಿನ ಯೋಜನೆಗಳು ಅಷ್ಟಿಷ್ಟು ಕಲಿತವು. 1993ರಲ್ಲಿ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಆದೇಶ ಬಂದು ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದವು. 2001ರಲ್ಲಿ ಐದು ಜಿಲ್ಲೆಗಳಲ್ಲಿ ಸುಜಲ ಜಲಾನಯನ ಯೋಜನೆ ಶುರುವಾಯಿತು. 2002ರಲ್ಲಿ ಜಲಸಂವರ್ಧನೆ ಯೋಜನಾ ಸಂಘದ ಮೂಲಕ ಸಮುದಾಯ ಆಧಾರಿತ ಕೆರೆ ನಿರ್ವಹಣೆ ಯೋಜನೆ ಬಂತು. ಅದರ ರೀತಿ ಬೇರೆಯಾಗಿತ್ತು. ಊರಿನ ಕೆರೆ ಬಳಕೆದಾರರ ಸಂಘ ಮೊದಲು ಕಟ್ಟಬೇಕು, ಅಚ್ಚುಕಟ್ಟಿನವರಷ್ಟೇ ಅಲ್ಲದೆ ಭೂಮಿಯಿಲ್ಲದವರೂ ಹೆಂಗಸರೂ ಅದರಲ್ಲಿರಬೇಕು, ಕೆಲಸದ ನಕ್ಷೆ ಅವರೇ ಹಾಕಬೇಕು, ವೆಚ್ಚದಲ್ಲಿ ಒಂದು ಪಾಲು ಅವರೇ ಕೊಡಬೇಕು. ಹೂಳನ್ನು ರೈತರು ತಮ್ಮ ಟ್ರ್ಯಾಕ್ಟರಿನಲ್ಲೇ ಹೊಲಕ್ಕೆ ಸಾಗಿಸಿಕೊಂಡರು. ಕೆರೆಗೆ ಆಳ, ಹೊಲಕ್ಕೆ ಗೊಬ್ಬರ. 2012ರಲ್ಲಿ ಯೋಜನೆ ಮುಗಿಯಿತು. ಊರಿನಲ್ಲಿ ಒಗ್ಗಟ್ಟಿದ್ದ ಕಡೆ ಸಂಘ ಉಳಿಯಿತು. ಇಲ್ಲದ ಕಡೆ ಯೋಜನೆಯ ಸಿಬ್ಬಂದಿ ಹೋದ ಮೇಲೆ ಸಂಘದ ಸಭೆ ನಿಂತಿತು, ಪಾಸ್‌ಬುಕ್ಕು ಮಾತ್ರ ಉಳಿಯಿತು.

2006ರಲ್ಲಿ ಉದ್ಯೋಗ ಖಾತ್ರಿ ಕಾಲಿಟ್ಟಿತು. ಕರ್ನಾಟಕದಲ್ಲಿ ಮೊದಲು ಬೀದರ, ಗುಲಬರ್ಗಾ, ರಾಯಚೂರು, ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಿಗೆ. ಹೂಳೆತ್ತುವ ಕೂಲಿಗೆ ಗ್ರಾಮ ಪಂಚಾಯಿತಿಯ ಕೈಯಲ್ಲೇ ಹಣ ಬಂದದ್ದು ದೊಡ್ಡ ಬದಲಾವಣೆ. 2022ರ ಏಪ್ರಿಲಿನಲ್ಲಿ ಜಿಲ್ಲೆಗೆ 75ರಂತೆ ಅಮೃತ ಸರೋವರಗಳು ಘೋಷಣೆಯಾದವು. ಇದಕ್ಕೆ ಪ್ರತ್ಯೇಕ ಅನುದಾನವಿರಲಿಲ್ಲ. ಉದ್ಯೋಗ ಖಾತ್ರಿ, ಹದಿನೈದನೇ ಹಣಕಾಸು ಆಯೋಗ ಮೊದಲಾದ ಕಡೆಯ ಹಣವನ್ನೇ ಜೋಡಿಸಿಕೊಳ್ಳಬೇಕಿತ್ತು. ಆ ಆಯೋಗ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ನೂರಕ್ಕೆ 60 ಪಾಲನ್ನು ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಿಟ್ಟಿತ್ತು. ಮಳೆನೀರು ಸಂಗ್ರಹವೂ ಅದರಲ್ಲಿ ಸೇರಿತ್ತು.

ಅಂದಮೇಲೆ ದುಡ್ಡಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ಹೂಳೆತ್ತಲು ದುಡ್ಡಿದೆ, ಏರಿಗೆ ಕಲ್ಲು ಹೊದಿಸಲು ದುಡ್ಡಿದೆ, ನಾಮಫಲಕಕ್ಕೂ ಇದೆ. ಏರಿಯ ಬಿಲ ಮುಚ್ಚುವವನಿಗೆ, ಕಾಲುವೆಯ ಕಸ ತೆಗೆಯುವವನಿಗೆ, ತೂಬು ಕಾಯುವವನಿಗೆ ವರ್ಷವಿಡೀ ಕೊಡುವ ದುಡ್ಡಿಲ್ಲ. ಗುದ್ದಲಿ ಪೂಜೆಗೆ ಫೋಟೋ ಬರುತ್ತದೆ. ಬಿಲ ಮುಚ್ಚಿದ್ದಕ್ಕೆ ಯಾರು ಫೋಟೋ ಹಾಕುತ್ತಾರೆ? ಒಂಬತ್ತನೆಯ ಶತಮಾನದ ಅರಸ ಕಂದಾಯ ಬಿಟ್ಟುಕೊಟ್ಟು ಬಗೆಹರಿಸಿದ್ದ ಪ್ರಶ್ನೆಯನ್ನು ನಮ್ಮ ಬಜೆಟ್ಟುಗಳು ಇನ್ನೂ ಕೈಗೆತ್ತಿಕೊಂಡಿಲ್ಲ.

ಕೇಳುಗರೇ, ಇನಾಮು ಭೂಮಿಯ ಕಾಲ ಮರಳಿ ಬರುವುದಿಲ್ಲ, ಬರಲೂಬಾರದು. ಆದರೆ ಅದರ ತತ್ವ ಈಗಲೂ ಸಲ್ಲುತ್ತದೆ: ಕೆರೆಯ ಆದಾಯದಲ್ಲಿ ಒಂದು ಪಾಲು ಕೆರೆಗೇ ಮೀಸಲಾಗಲಿ, ಅದನ್ನು ಕಾಯುವವರಿಗೆ ಸರಿಯಾದ ಕೂಲಿ ಸಿಗಲಿ. ನಿಮ್ಮೂರಿನ ಮುಂದಿನ ಗ್ರಾಮಸಭೆಗೆ ಹೋಗಿ. ಕೆರೆಯ ಮೀನು ಹರಾಜಿನ ಹಣ ಎಷ್ಟು ಬಂತು, ಅದರಲ್ಲಿ ಕೆರೆಗೆ ಎಷ್ಟು ಖರ್ಚಾಯಿತು ಎಂದು ಕೇಳಿ. ಈ ಮಳೆಗಾಲಕ್ಕೆ ಮುಂಚೆ ಏರಿಯ ಮೇಲೆ ನಡೆದು ನೋಡುವವರು ಯಾರು ಎಂದು ಕೇಳಿ. ಕೊಟ್ಟ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಮುಂದಿನ ವರ್ಷ ಅದೇ ಪುಟ ತೆಗೆಸಿ ಓದಿಸಿ. ಸರ್ಕಾರದ ಹಣ ಕೆರೆಯನ್ನು ಒಂದು ಸಲ ರಿಪೇರಿ ಮಾಡಿಕೊಡಬಲ್ಲದು. ವರ್ಷವರ್ಷ ಅದನ್ನು ಉಳಿಸಿಕೊಳ್ಳಬೇಕಾದವರು ಊರಿನವರೇ.